ಚಕ್ರಕ್ಕೆ ಹೊಯ್ದ ನೀರು

ದಿಂಬಂನಿಂದ ಬಣ್ಣಾರಿಗೆ ಇಳಿಯುವ ಘಾಟಿಯಲ್ಲಿ ಲಾರಿ ಓಡಿಸುವವರಿಗೆಲ್ಲ ಪುಟ್ಟಮಲ್ಲಮ್ಮನ ಮೇಲೆ ಒಂದು ಸಿಟ್ಟಿದೆ. ಬೆಟ್ಟ ಹತ್ತಿ ಬರುವ ಗಾಡಿಗೆ ಕೇಳಿದಷ್ಟು ನೀರು ಕೊಡುವ ಈ ಹೆಂಗಸು ಇಳಿದು ಹೋಗುವ ಗಾಡಿಗೆ ಒಂದು ತೊಟ್ಟೂ ಕೊಡುವುದಿಲ್ಲ. ಚಕ್ರದಿಂದ ಹೊಗೆ ಏಳುತ್ತಿರಲಿ, ಸುಟ್ಟ ನಾತಕ್ಕೆ ಮೂಗು ಮುಚ್ಚಿಕೊಳ್ಳುವಂತಾಗಲಿ, ಡ್ರೈವರು ಕೈ ಮುಗಿಯಲಿ, ಇಲ್ಲವೆ ಅವಳ ಹೆತ್ತವರನ್ನೂ ಸೇರಿಸಿ ಬೈಯಲಿ, ಅವಳು ನೀರಿನ ಟಿನ್ನಿನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತೇ ಇರುತ್ತಾಳೆ.

"ಗಾಡಿಗಿಲ್ಲ. ನೀ ಕುಡಿ. ಕುಡುದು ಇಲ್ಲೇ ಕುಂತ್ಕೊ," ಎನ್ನುತ್ತಾಳೆ.

ಡ್ರೈವರು ಗೊಣಗುತ್ತಾ ಕುಡಿಯುತ್ತಾನೆ. ಕುಡಿಯದೆ ಹೊರಟರೆ ಲಾರಿಯ ಮುಂದೆಯೇ ಬಂದು ನಿಂತುಬಿಡುತ್ತಾಳಾದ್ದರಿಂದ ಕುಡಿಯಲೇಬೇಕು. ಲೋಡಿನ ಮೇಲೆ ಕೂತ ಆಳುಗಳನ್ನೂ ಇಳಿಸಿ ಕುಡಿಸುತ್ತಾಳೆ. ಆಮೇಲೆ ಯಾವ ಊರು, ಮಕ್ಕಳೆಷ್ಟು, ಮಳೆ ಹೇಗೆ ಎಂದು ಕೊನೆಯಿಲ್ಲದ ವಿಚಾರಣೆ. ಅಷ್ಟರಲ್ಲಿ ಚಕ್ರ ತಾನಾಗಿ ಆರಿರುತ್ತದೆ. ಹೊಸದಾಗಿ ಬಂದವರು ಎಂಥ ಜಿಪುಣಿ ಎಂದು ಬೈದುಕೊಂಡು ಹೋಗುತ್ತಾರೆ, ಹಳಬರು ಪಾಪ ತಲೆ ಕೆಟ್ಟಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅವಳ ತಲೆ ನೆಟ್ಟಗೇ ಇದೆ. ಕೆಟ್ಟಿದ್ದರೆ ಅವಳಿಗೆ ಎಷ್ಟೋ ಸುಖವಿರುತ್ತಿತ್ತು.

ಪುಟ್ಟಮಲ್ಲಮ್ಮ ಹುಟ್ಟಿದ್ದು ಬೆಟ್ಟದ ಮೇಲೆ, ತಾಳವಾಡಿಗೂ ಜೀರಹಳ್ಳಿಗೂ ನಡುವಿನ ಒಂದು ಸಣ್ಣ ಕೇರಿಯಲ್ಲಿ. ಕಂಡವರ ಹೊಲದಲ್ಲಿ ಕಳೆ ಕಿತ್ತು, ರಾಗಿ ಕೊಯ್ದು ಬದುಕಿದ ಮನೆತನ. ಗಂಡ ಪುಟ್ಟಮಾದ ರಸ್ತೆಗೆ ಟಾರು ಹಾಕುವ ಗುಂಪಿನಲ್ಲಿ ಜಲ್ಲಿ ಹೊರಲು ದಿಂಬಂಗೆ ಬಂದ. ಅವನ ಹಿಂದೆ ಅವಳೂ ಬಂದಳು. ಗುಂಪಿನವರೆಲ್ಲ ಕೆಳಗಿನ ತಮಿಳರು. ಅವರಿಗೆ ಅಡುಗೆ ಮಾಡುತ್ತಿದ್ದ ಮುದುಕಿಯೇ ಹೆರಿಗೆ ಮಾಡಿಸಿ, ಹುಟ್ಟಿದ ಹೆಣ್ಣು ಮಗುವಿಗೆ ಸೆಲ್ವಿ ಎಂದು ತನಗೆ ಬೇಕಾದ ಹೆಸರನ್ನೇ ಇಟ್ಟುಬಿಟ್ಟಳು. ಟಾರಿನ ಕೆಲಸ ಮುಗಿದು ಗುಂಪು ಹೋಯಿತು. ಪುಟ್ಟಮಾದ ಜ್ವರದಲ್ಲಿ ಹೋದ. ಟೀ ಅಂಗಡಿಗಳ ಹಿಂದಿನ ಗುಡಿಸಲಿನಲ್ಲಿ ತಾಯಿ ಮಗಳು ಉಳಿದರು.

ದಿಂಬಂನಿಂದ ಸ್ವಲ್ಪ ಕೆಳಗೆ, ಒಂದು ತಿರುವಿನಲ್ಲಿ ಬಂಡೆಯ ಸಂದಿಯಿಂದ ನೀರು ಜಿನುಗುತ್ತದೆ. ಬಣ್ಣಾರಿಯಿಂದ ಭಾರ ಹೊತ್ತು ಏದುಸಿರು ಬಿಡುತ್ತಾ ಹತ್ತಿ ಬರುವ ಲಾರಿಗಳು ಅಷ್ಟು ಹೊತ್ತಿಗೆ ಕುದಿಯತೊಡಗಿರುತ್ತವೆ. ಒಂದು ದಿನ ಯಾರೋ ಒಬ್ಬ ಡ್ರೈವರಿಗೆ ಅವಳು ಕೊಡದಲ್ಲಿದ್ದ ನೀರು ಕೊಟ್ಟಳು. ಅವನು ಸಂತೋಷದಿಂದ ಕೈಗೆ ಏನೋ ಕೊಟ್ಟ. ಅಲ್ಲಿಂದ ಅದೇ ಅವಳ ಕಸುಬಾಯಿತು. ಬಿಸಿಲೇರಿದ ಮೇಲೆ ಇಳಿದು ಬಂದು ಎಣ್ಣೆ ಟಿನ್ನುಗಳಲ್ಲಿ ನೀರು ಹಿಡಿದಿಟ್ಟು ಕೂರುವಳು. ಆನೆಗಳು ರಸ್ತೆಗೆ ಬರುವ ಹೊತ್ತಿಗಿಂತ ಮುಂಚೆ ಯಾವುದಾದರೂ ಗಾಡಿ ಹತ್ತಿ ಮೇಲೆ ಹೋಗುವಳು. ಕೊಟ್ಟಷ್ಟು ಇಸಕೊಳ್ಳುವಳು. ಕೊಡದವರಿಗೂ ನೀರುಂಟು.

ಕಾದ ಇಂಜಿನ್ನಿನ ಗುಣ ಅವಳಿಗೆ ಚೆನ್ನಾಗಿ ಗೊತ್ತಿತ್ತು. ರೇಡಿಯೇಟರಿನ ಮುಚ್ಚಳ ತಕ್ಷಣ ತೆಗೆದರೆ ಕುದಿನೀರು ಮುಖಕ್ಕೆ ಎಗರುತ್ತದೆ, ಒದ್ದೆ ಗೋಣಿ ಹಾಕಿ ಕಾಯಬೇಕು. ಹಬೆಯೆಲ್ಲ ಹೋದ ಮೇಲೆ ಇಂಜಿನ್ನು ಓಡುತ್ತಿರುವಾಗಲೇ ಚೂರು ಚೂರಾಗಿ ಹೊಯ್ಯಬೇಕು. ಆತುರಪಡುವ ಡ್ರೈವರುಗಳ ಕೈಗೆ ಹೊಡೆದು ಕಾಯಿಸುತ್ತಿದ್ದವಳು ಅವಳೇ. ಹತ್ತುವ ಗಾಡಿಯ ವಿಷಯದಲ್ಲಿ ಇಷ್ಟು ಸಮಾಧಾನವಿದ್ದವಳಿಗೆ ಇಳಿಯುವ ಗಾಡಿಯ ವಿಷಯದಲ್ಲಿ ಅದು ಯಾಕೆ ಹೊಳೆಯಲಿಲ್ಲವೋ.

ಇಳಿಯುವ ಗಾಡಿಗಳಿಗೆ ಇಂಜಿನ್ನು ತಣ್ಣಗೇ ಇರುತ್ತದೆ, ಕಾಯುವುದು ಚಕ್ರ. ಮೇಲಿಂದ ಬ್ರೇಕು ತುಳಿದುಕೊಂಡೇ ಬಂದ ಲಾರಿಯ ಚಕ್ರದ ಸಂದಿಯಿಂದ ನೀಲಿ ಹೊಗೆ ಏಳುವುದನ್ನು ಕಂಡು ಅವಳಿಗೆ ಕರುಳು ಚುರುಕ್ ಅಂದಿತು. ನೀರು ಕೊಡು ಎಂದು ಯಾರೂ ಕೇಳಲಿಲ್ಲ. ಅವಳೇ ಟಿನ್ನು ಎತ್ತಿ ಹೊಯ್ದಳು. ಚೊಂಯ್ ಎಂದು ಸದ್ದಾಗಿ, ಆವಿ ಎದ್ದು, ಹೊಗೆ ನಿಂತುಹೋಯಿತು. ಬಾಯಾರಿದವನೊಬ್ಬ ಗಟಗಟ ಕುಡಿದು ನಿಟ್ಟುಸಿರು ಬಿಟ್ಟ ಹಾಗೆ ಅವಳಿಗೆ ಅನ್ನಿಸಿತು. ಡ್ರೈವರಿಗೂ ಖುಷಿ. ಚಕ್ರ ಆರಲಿ ಎಂದು ಬೀಡಿ ಮೇಲೆ ಬೀಡಿ ಸೇದುತ್ತಾ ಕೂರುವುದು ತಪ್ಪಿತಲ್ಲ! ಸುದ್ದಿ ಹಬ್ಬಿ, ಇಳಿಯುವ ಲಾರಿಗಳೂ ಅಲ್ಲಿ ನಿಲ್ಲತೊಡಗಿದವು. ಆ ತಿರುವಿಗೆ 'ಅಮ್ಮನ ತಿರುವು' ಎಂದೇ ಹೆಸರು ಬಿತ್ತು. ಯಾರೂ ತಪ್ಪು ಎನ್ನಲಿಲ್ಲ. ವರ್ಷಗಟ್ಟಲೆ ಏನೂ ಆಗಲೂ ಇಲ್ಲ. ಏನೂ ಆಗದೆ ಇದ್ದದ್ದೇ ದೊಡ್ಡ ಅನಾಹುತ.

ಸೆಲ್ವಿಯನ್ನು ಪುಟ್ಟಮಲ್ಲಮ್ಮ ತವರಿನ ಕೇರಿಯಲ್ಲೇ ಇದ್ದ ತನ್ನ ಅಣ್ಣನ ಮಗ ನಂಜುಂಡನಿಗೇ ಕೊಟ್ಟಳು. ಕಂಕುಳಲ್ಲಿ ಎತ್ತಿಕೊಂಡು ಓಡಾಡಿದ ಹುಡುಗನಾದ್ದರಿಂದ ಅಳಿಯನಾದ ಮೇಲೂ 'ಲಾ' ಎನ್ನುವುದು ಬಿಡಲಿಲ್ಲ. ಅವನಿಗೂ ಅವಳು ಅತ್ತೆಯಾಗುವ ಮೊದಲೇ ಅತ್ತೆ. ನಂಜುಂಡ ತಾಳವಾಡಿಯ ಪ್ರಕಾಶ್ ಎಂಬ ಜಮೀನುದಾರನ ಲಾರಿ ಓಡಿಸುತ್ತಿದ್ದ. ಪ್ರಕಾಶನ ಹೊಲದ ಎಲೆಕೋಸು, ಅಕ್ಕಪಕ್ಕದವರ ಎಲೆಕೋಸು ಎಲ್ಲ ತುಂಬಿಕೊಂಡು ಕೆಳಗಿನ ಮೇಟ್ಟುಪಾಳ್ಯದ ಮಾರ್ಕೆಟ್ಟಿಗೆ ಇಳಿಯುವುದು ಕೆಲಸ. ಪ್ರಕಾಶ್ ಕೆಟ್ಟವನಲ್ಲ, ಆದರೆ ಕೈ ಬಿಗಿ. ಒಂದು ಟ್ರಿಪ್ಪಿಗೆ ಇಷ್ಟು ಎಂದು ಡೀಸೆಲ್ ಅಳೆದು ಕೊಡುವನು. ಮಿಕ್ಕಿದ್ದು ಡ್ರೈವರಿಗೆ. ಹಾಗಾಗಿ ಅವನ ಡ್ರೈವರುಗಳೆಲ್ಲ ದಿಂಬಂ ದಾಟಿದ್ದೇ ಗೇರು ಕಳಚಿ ನ್ಯೂಟ್ರಲ್ ಮಾಡಿ, ಬೆಟ್ಟವೇ ತಳ್ಳುವಾಗ ನಾವು ಯಾಕೆ ಎಣ್ಣೆ ಸುಡಬೇಕು ಎಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಇಳಿಯುತ್ತಿದ್ದರು. ನಂಜುಂಡನೂ ಹಾಗೆಯೇ ಇಳಿಯುತ್ತಿದ್ದ. ಇಳಿದು ಬಂದವನ ಗಾಡಿಗೆ ಅತ್ತೆಯ ತಿರುವಿನಲ್ಲಿ ರಾಜಮರ್ಯಾದೆ. ಮುಂದೆ ಎಷ್ಟು ಲಾರಿ ನಿಂತಿದ್ದರೂ ಮೊದಲ ನೀರು ಅಳಿಯನ ಚಕ್ರಕ್ಕೆ.

ಸುನಾಮಿ ಬಂದ ವರ್ಷದ ಬೇಸಿಗೆ ಅದು. ಬಂಡೆಯ ಸಂದಿಯ ನೀರು ದಾರದಷ್ಟು ಸಣ್ಣಗಾಗಿತ್ತು. ಬೆಳಗಿನಿಂದ ಹಿಡಿದರೂ ಎರಡು ಟಿನ್ನು ತುಂಬುವುದೇ ಕಷ್ಟವಾಗಿತ್ತು. ಮಧ್ಯಾಹ್ನ ನಂಜುಂಡನ ಲಾರಿ ತಿರುವಿಗೆ ಬಂದು, ನಿಲ್ಲಬೇಕಾದ ಜಾಗ ಬಿಟ್ಟು ಅಷ್ಟು ಮುಂದಕ್ಕೆ ಹೋಗಿ ನಿಂತಿತು. ಎಲೆಕೋಸು ತಲೆಮಟ್ಟ ಮೀರಿ ಏರಿಸಿದ್ದರು. ಅದರ ಮೇಲೆ, ಮೂಟೆ ಇಳಿಸಲು ಹೋಗುವ ಬೊಮ್ಮ ಟವೆಲ್ಲು ಸುತ್ತಿಕೊಂಡು ಕೂತಿದ್ದ. ಬೊಮ್ಮ ನಂಜುಂಡನ ಮನೆಯ ಎದುರುಮನೆಯವನು. ಸೆಲ್ವಿ ಮದುವೆಯಾಗಿ ಆ ಬೀದಿಗೆ ಬಂದಾಗ ಅಣ್ಣನಂತೆ ನಿಂತು ಮನೆಗೆ ಹೆಂಚು ಹೊದಿಸಿದವನು.

"ಏನ್ಲಾ ನಂಜುಂಡ, ಇಂಗ ಒಗೆ ಆಡ್ತಾ ಅದಲ್ಲ!"

"ಯಾಕೋ ಬ್ರೇಕು ಇಡೀತಾ ಇಲ್ಲ ಅತ್ತೆ. ಕಾಲು ತಳಕ್ಕೋಯ್ತದ. ಒಸಿ ಒತ್ತು ನಿಲ್ಸಿ, ಆರುದ್ಮೇಲ ಓಯ್ತೀನಿ."

"ನಿಲ್ಸದ್ಯಾಕ್ಲಾ? ನಾನಿಲ್ವಾ?"

ಅವಳು ಒಂದು ಟಿನ್ನು ಈ ಕಡೆಯ ಚಕ್ರಕ್ಕೆ ಹೊಯ್ದಳು. ಇನ್ನೊಂದನ್ನು ಎತ್ತಿ ಆ ಕಡೆಗೆ ಹೋಗುವಾಗ ಬೊಮ್ಮ ಮೇಲಿಂದ ಬಗ್ಗಿ ನೋಡಿದ.

"ಅಕ್ಕೋ, ನಂಗೂ ಒಂದ್ ಸೊಲ್ಪ ನೀರ ಕೊಡಕ್ಕ. ನಾಲ್ಗೆ ಒಣಗೋಗದ."

"ತಡ್ಲಾ, ಮೊದ್ಲು ಇದ್ಕ ಉಯ್ತೀನಿ," ಎಂದು ಅವಳು ಹೊಯ್ದಳು. ಚಕ್ರ ಅಷ್ಟನ್ನೂ ಕುಡಿಯಿತು. ತಿರುಗಿ ನೋಡಿದರೆ ಟಿನ್ನಿನ ತಳದಲ್ಲಿ ಹಸಿ ಬಿಟ್ಟರೆ ಏನೂ ಇರಲಿಲ್ಲ. "ಅಯ್ಯೋ, ಎಲ್ಲಾ ಚಕ್ರಕ್ಕೇ ಆಗೋಯ್ತಲ್ಲಪ್ಪ. ಬಣ್ಣಾರಿಲಿ ಕುಡುದೀಯೆ ಬುಡು."

ಬೊಮ್ಮ ನಕ್ಕ. "ಅಳೀನ ಗಾಡಿ ಅಂದ್ರ ಚಕ್ರಕ್ಕೂ ಮರ್ವಾದಿ. ನಮ್ಮಂತೋರ್ಗ ಒಣ ಮಾತು!"

ನಂಜುಂಡ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತು ಬೀಡಿ ಹಚ್ಚಿದ. ಅವನು ನಿಲ್ಲುವ ಮನಸ್ಸಿನಲ್ಲಿಯೇ ಇದ್ದ.

"ಒಗೆ ನಿಂತೋಯ್ತಲ್ಲ, ಇನ್ಯಾತಕ್ಕ ಕುಂತಿದ್ದೀಯೆ?" ಎಂದಳು ಅವಳು. "ಮಾರ್ಕೆಟ್ಟು ಮುಗುದೋದ್ರ ಕೋಸ ಯಾರು ತಕ್ಕತಾರ? ಸಂಜಗ ಸೆಲ್ವಿ ದಾರಿ ಕಾಯ್ತಾ ಇರ್ತಾಳ. ಏಳು ಮೊಗ, ಓಗು."

"ಇನ್ನೊಸಿ ಒತ್ತು ಅತ್ತೆ..."

"ನಾ ಇಷ್ಟು ನೀರ ಉಯ್ದಿದ್ದು ಸುಮ್ನಾ? ಓಗ್ಲಾ, ಓಗು."

ನಂಜುಂಡ ಚಕ್ರದ ಕಡೆ ನೋಡಿದ. ಹೊಗೆ ಇರಲಿಲ್ಲ. ಬೀಡಿ ಹೊಸಕಿ ಎದ್ದು ಹತ್ತಿ ಕೂತ. ಬೊಮ್ಮ ಮೇಲಿಂದ ಕೈ ಬೀಸಿದ. ಲಾರಿ ಸದ್ದಿಲ್ಲದೆ ಜಾರಿಕೊಂಡು ತಿರುವು ದಾಟಿತು.

ಅವಳು ಖಾಲಿ ಟಿನ್ನು ಎತ್ತಿಕೊಂಡು ಬಂಡೆಯ ಕಡೆ ಹೊರಟಿದ್ದಳು. ಆಗ ಕೆಳಗಿನಿಂದ ಹಾರ್ನ್ ಕೇಳಿಸಿತು. ತಿರುವಿನಲ್ಲಿ ಹೊಡೆಯುವ ಹಾರ್ನಲ್ಲ, ಬಿಡದೆ ಒತ್ತಿ ಹಿಡಿದ ಹಾರ್ನು. ಘಾಟಿಯಲ್ಲಿ ಬಾಳಿದವರಿಗೆ ಆ ಸದ್ದಿನ ಅರ್ಥ ಯಾರೂ ಹೇಳಬೇಕಾಗಿಲ್ಲ. ಬ್ರೇಕು ಹೋದವನಿಗೆ ಉಳಿಯುವುದು ಅದೊಂದೇ. ಆಮೇಲೆ ದಢಾರ್ ಎಂದಿತು, ಹಾರ್ನು ನಿಂತಿತು.

ಟಿನ್ನು ಕೈಯಲ್ಲಿದೆ ಎನ್ನುವುದೂ ತಿಳಿಯದೆ ಅವಳು ಓಡಿದಳು. ಮೊದಲು ಸಿಕ್ಕಿದ್ದು ಎಲೆಕೋಸು. ರಸ್ತೆ ತುಂಬ ಉರುಳಿಕೊಂಡು, ಕೆಳಗಿನ ತಿರುವಿಗೂ ಧುಮುಕುತ್ತಾ ಹೋಗುತ್ತಿದ್ದವು. ನಂಜುಂಡ ಪ್ರಪಾತದ ಕಡೆಗೆ ಬಿಡದೆ ಲಾರಿಯನ್ನು ಬೆಟ್ಟದ ಗೋಡೆಗೆ ಕೊಟ್ಟಿದ್ದ. ಅವನ ಕಾಲು ಒಳಗೆ ಸಿಕ್ಕಿಕೊಂಡಿತ್ತು. ಬೊಮ್ಮ ಮೇಲಿಂದ ಎಗರಿ ರಸ್ತೆಗೆ ಬಿದ್ದಿದ್ದ. ಪುಟ್ಟಮಲ್ಲಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಅವನು ಆಗಲೇ ಹೋಗಿದ್ದ. ತುಟಿ ಒಣಗಿ ಬಿರಿದಿತ್ತು. ಅವಳು ಅಭ್ಯಾಸಬಲದಿಂದ ಟಿನ್ನಿನೊಳಗೆ ಕೈ ಹಾಕಿದಳು. ಕೋತಿಗಳು ಬಂದು ಎಲೆಕೋಸು ಕಿತ್ತು ತಿನ್ನುತ್ತಿದ್ದವು.

ಸತ್ಯಮಂಗಲದ ಆಸ್ಪತ್ರೆಯಲ್ಲಿ ನಂಜುಂಡನ ಮಂಚದ ಪಕ್ಕ ಅವಳು ಕೂತಿದ್ದಾಗ ಗಾಡಿ ತಪಾಸಣೆಯ ಅಧಿಕಾರಿ ಬಂದರು. ಲಾರಿ ನ್ಯೂಟ್ರಲ್‌ನಲ್ಲಿತ್ತೇ ಎಂದು ತಮಿಳಿನಲ್ಲಿ ಕೇಳಿದರು. ಆಮಾ ಸಾರ್, ಎಂದು ನಂಜುಂಡ ಒಪ್ಪಿಕೊಂಡ. ಬಿಚ್ಚಿ ನೋಡಿದಾಗ ಬ್ರೇಕು ಹಿಡಿಯುವ ಚಕ್ರದ ಡ್ರಮ್ಮು ಅಡ್ಡಡ್ಡ ಸೀಳಿತ್ತಂತೆ. ಕಾದ ಡ್ರಮ್ಮಿಗೆ ನೀರು ಬಿದ್ದಿದೆ ಎಂದರು.

"ತಣ್ಣಿ ಯಾರು ಊತ್ತಿನದು?"

ನೀರು ಹೊಯ್ದವರು ಯಾರು. ಪುಟ್ಟಮಲ್ಲಮ್ಮನಿಗೆ ಆ ಪ್ರಶ್ನೆ ಕನ್ನಡದಲ್ಲಿ ಕೇಳಿದಷ್ಟೇ ಸ್ಪಷ್ಟವಾಗಿ ಅರ್ಥವಾಯಿತು. ಬಾಯಿ ತೆರೆದಳು ಕೂಡ.

"ನಾನೇದಾನ್ ಸಾರ್," ಎಂದ ನಂಜುಂಡ. ಕಾದ ಗಾಡಿಯನ್ನು ನಿಲ್ಲಿಸದೆ ಯಾಕೆ ಓಡಿಸಿದೆ ಎಂದು ಕೇಳಿದ್ದಕ್ಕೆ, ನನಗೇ ಅವಸರ ಸಾರ್, ಎಂದ.

ಅವಳ ತೆರೆದ ಬಾಯಿ ಮುಚ್ಚಿತು. ಅಧಿಕಾರಿ ಹೋದ ಮೇಲೆ ನಂಜುಂಡ ಗೋಡೆಯ ಕಡೆಗೆ ಮುಖ ತಿರುಗಿಸಿ, "ನೀ ಸುಮ್ಕಿರತ್ತೆ. ನಿನ್ ಮ್ಯಾಲ ಬಂದ್ರ ಆ ಜಾಗ ಓಯ್ತದ, ನಿನ್ ಬದುಕೂ ಓಯ್ತದ. ನಂದು ಎಂಗೂ ಓಗಾಯ್ತು," ಎಂದ. ಅವಳು ಸುಮ್ಮನಿದ್ದಳು. ಹಾಗೆ ಸುಮ್ಮನಿರುವುದು ಅಷ್ಟು ಸುಲಭವಾಗಿತ್ತಲ್ಲ ಎಂದು ಆಮೇಲೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ನಂಜುಂಡ ಕುಂಟುತ್ತಾ ಮನೆಗೆ ಬಂದ. ಲೈಸೆನ್ಸು ಹಿಡಿದಿಟ್ಟುಕೊಂಡಿದ್ದರು. ಪ್ರಕಾಶ್ ಬೇರೆ ಡ್ರೈವರನ್ನು ಇಟ್ಟುಕೊಂಡ. ಅದೆಲ್ಲ ಆಗುವಂಥದ್ದೇ. ಆದರೆ ಎದುರುಮನೆಯ ಬಾಗಿಲಲ್ಲಿ ಬೊಮ್ಮನ ಹೆಂಡತಿ ದೊಡ್ಡಮಾದಮ್ಮ ಮಂಕಾಗಿ ಕೂತಿರುವುದನ್ನು ದಿನವೂ ನೋಡುವ ಸೆಲ್ವಿಗೆ ಗಂಡನ ಮುಖ ನೋಡಲಾಗಲಿಲ್ಲ. ತಟ್ಟೆ ತಂದಿಡುವಳು, ಮಾತಿಲ್ಲ. ಒಂದು ದಿನ ಪುಟ್ಟಮಲ್ಲಮ್ಮ ನೋಡಲು ಹೋಗಿದ್ದಾಗ ಅವಳ ಎದುರಿಗೇ ಸೆಲ್ವಿಯ ಸಿಟ್ಟು ಒಡೆಯಿತು.

"ಡೀಸೆಲ್ ಉಳ್ಸಕ್ಕೋಗಿ ಬೊಮ್ಮಣ್ಣನ ತಿಂದ್ಕಬುಟ್ಟ. ಒಸಿ ಒತ್ತು ನಿಂತಿದ್ರ ಏನಾಗದು? ಅವಸರವಂತ, ಅವಸರ! ಯಾವ ದೊರೆ ಕಾಯ್ತಾ ಇದ್ದ ಇವ್ರಿಗ?"

ನಂಜುಂಡ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾನು ನಿಲ್ಲುತ್ತೇನೆ ಎಂದೆ, ನಿನ್ನ ಅವ್ವ ಅಟ್ಟಿದಳು, ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಅತ್ತೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವನು ಬೈದಿದ್ದರೆ ಪುಟ್ಟಮಲ್ಲಮ್ಮ ಬದುಕಿಕೊಳ್ಳುತ್ತಿದ್ದಳು. ಅವಳ ಅನ್ನ, ಅವಳ ಜಾಗ, ಅವಳ ಒಳ್ಳೆಯ ಹೆಸರು ಎಲ್ಲವೂ ಈಗ ಈ ಕುಂಟನ ಮೌನದ ಮೇಲೆ ನಿಂತಿತ್ತು.

ಮಳೆ ಹಿಡಿಯುವ ಹೊತ್ತಿಗೆ ಸೆಲ್ವಿ ಗಂಟು ಕಟ್ಟಿಕೊಂಡು ದಿಂಬಂಗೆ ಬಂದುಬಿಟ್ಟಳು. "ನಾ ಇನ್ನ ಆ ಮನಗ ಓಗದಿಲ್ಲ ಕಣವ್ವ. ಆ ಕಡಗ ಮಾದಮ್ಮಕ್ಕ, ಈ ಕಡಗ ಇವ್ರು. ನಡುವ ನಾ ಎಂಗ ಉಸುರ ಆಡ್ಲಿ?" ಎಂದು ಗುಡಿಸಲಿನ ಮೂಲೆಯಲ್ಲಿ ಗಂಟು ಇಟ್ಟು ಕೂತಳು.

ಪುಟ್ಟಮಲ್ಲಮ್ಮ ಆ ಗಂಟನ್ನು ನೋಡುತ್ತಾ ನಿಂತಳು. ಅದರ ಭಾರ ತನ್ನದು ಎಂದು ಅವಳಿಗೆ ಗೊತ್ತಿತ್ತು. ಒಂದು ಮಾತು ಆಡಿದರೆ ಮಗಳ ಮನೆ ಉಳಿಯಬಹುದು. ಆಡಿದರೆ ಮಗಳೂ, ಬೊಮ್ಮನ ಹೆಂಡತಿಯೂ, ಘಾಟಿಯ ಡ್ರೈವರುಗಳೂ ತನ್ನನ್ನು ಯಾವ ಕಣ್ಣಲ್ಲಿ ನೋಡಿಯಾರು?

"ಎತ್ಕ ಅದ. ನಡಿ, ಊರ್ಗೋಗದ," ಎಂದಳು.

"ಯಾಕವ್ವ?"

"ಯಾಕ ಅಂತ ಅಲ್ಲಿ ಯೋಳ್ತೀನಿ."

ತಾಳವಾಡಿಯ ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಒಂದೇ ಆಸೆ ಇಟ್ಟುಕೊಂಡಿದ್ದಳು. ಆ ಡ್ರಮ್ಮು ಬಿಚ್ಚಿದ್ದ ಮೆಕ್ಯಾನಿಕ್ ಮಲ್ಲಪ್ಪನನ್ನು ಕೇಳಬೇಕು. ಅವನು, ನಿನ್ನ ನೀರಿನಿಂದ ಏನೂ ಆಗಲಿಲ್ಲ, ಎಂದುಬಿಟ್ಟರೆ? ಬಸ್ಸಿಳಿದವಳೇ ಮಗಳನ್ನು ಅಂಗಡಿಯ ಜಗುಲಿಯಲ್ಲಿ ಕೂರಿಸಿ ಅವನ ಶೆಡ್ಡಿಗೆ ಹೋದಳು.

ಮಲ್ಲಪ್ಪ ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ಓದದ್ದ ಯಾಕಕ್ಕ ಕೆದಕ್ತೀಯೆ?" ಎಂದ. ಅವಳು ಜಗ್ಗಲಿಲ್ಲ.

"ನೋಡಕ್ಕ," ಎಂದ ಅವನು ಕೊನೆಗೆ. "ಬೆಟ್ಟ ಅತ್ತಕ್ಕ ಇಂಜಿನ್ನು ಎಷ್ಟು ಎಣ್ಣ ಕುಡೀತದೋ, ಅಷ್ಟೂ ಸತ್ವ ಗಾಡಿ ಮ್ಯಾಲ ಕುಂತಿರ್ತದ. ಇಳೀವಾಗ ಬ್ಯಾಡ ಅಂದ್ರೂ ಅದು ಓಟವಾಗಿ ವಾಪಸ್ ಬತ್ತದ. ಗೇರ್ನಲ್ಲಿದ್ರ ಇಂಜಿನ್ನು ಇಡ್ಕತದ. ಗೇರ ಕಳಚ್ಬುಟ್ರ ಅಷ್ಟನ್ನೂ ಬ್ರೇಕೇ ನುಂಗ್ಬೇಕು, ಬೆಂಕಿಯಾಗಿ. ಎಣ್ಣ ಉಳೀತದ ಅಂತಾರ. ಎಲ್ಲುಳೀತದ? ಗೇರ್ನಲ್ಲೇ ಬುಟ್ಟು ಕಾಲ ತಗುದ್ರ ಡೀಸೆಲ್ ಪಂಪು ಎಣ್ಣ ಕೊಡೋದೇ ಇಲ್ಲ, ಬೆಟ್ಟವೇ ಇಂಜಿನ್ನ ತಿರುಗಿಸ್ತದ. ನೂಟ್ರಲ್ನಲ್ಲಿ ಇಂಜಿನ್ನು ಆರೋಗ್ದಂಗ ಇರಕ್ಕೇ ಕುಡೀತಾ ಇರ್ಬೇಕು. ಉಳ್ಸುದ್ದು ಒಂದು ತೊಟ್ಟೂ ಇಲ್ಲ ಕಣಕ್ಕ."

"ಅದ ಬುಡಪ್ಪ. ನೀರು?"

"ನೀರು ಬಿದ್ದದ್ಕ ಡ್ರಮ್ಮು ಸೀಳ್ತು, ನಿಜ. ಅದ್ಕಿಂತ ಕೆಟ್ಟದ್ದು ಇನ್ನೊಂದದ. ನೀರು ಉಯ್ದ್ರ ಮ್ಯಾಲ್ಗಡೆ ತಣ್ಣಗಾಯ್ತದ, ಒಗೆ ನಿಂತೋಯ್ತದ. ಒಳಗಿನ ಕಾವು ಅಲ್ಲೇ ಇರ್ತದ. ನೋಡ್ದೋರ್ಗ ಆರೋಯ್ತು ಅನ್ನುಸ್ತದ. ಅದ್ಕ ಬೇಕಾದ್ದು ನೀರಲ್ಲ, ಒತ್ತು. ಒಸಿ ಒತ್ತು ಸುಮ್ಕ ಕುಂತಿದ್ರ ಸಾಕಾಗ್ತಿತ್ತು. ನಂಜುಂಡ ಗೊತ್ತಿದ್ದೋನು, ಅವತ್ತು ಯಾಕ ಕೂರ್ನಿಲ್ವೋ ಕಾಣೆ."

ಅವನು ತಿಳಿಯದೆ ಆಡಿದ ಮಾತು ಅದು. ಪುಟ್ಟಮಲ್ಲಮ್ಮ ಹೊರಗೆ ಬಂದಳು. ಇಷ್ಟು ದಿನ ಅವಳು ನೀರನ್ನು ಕುರಿತೇ ಯೋಚಿಸಿದ್ದಳು. ತಿಳಿಯದೆ ಹೊಯ್ದೆ, ತಿಳಿಯದ ತಪ್ಪಿಗೆ ಕ್ಷಮೆಯುಂಟು ಎಂದು ಒಳಗೊಳಗೇ ವಾದ ಹೂಡಿದ್ದಳು. ಹೊಗೆ ನಿಂತದ್ದನ್ನು ತೋರಿಸಿ, ಕೂತವನನ್ನು ಎಬ್ಬಿಸಿದ ಮಾತಿಗೆ ಯಾವ ವಾದವೂ ಇರಲಿಲ್ಲ.

ಮಗಳನ್ನು ಕರೆದುಕೊಂಡು ಕೇರಿಗೆ ನಡೆದು ಬರುವಷ್ಟರಲ್ಲಿ ಬಿಸಿಲು ಏರಿತ್ತು. ನಂಜುಂಡನ ಮನೆಯ ಬಾಗಿಲು ಹಾಕಿತ್ತು. ಎದುರುಮನೆಯ ಜಗುಲಿಯಲ್ಲಿ ದೊಡ್ಡಮಾದಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು.

"ಯಾಕಕ್ಕ, ಇಂತಾ ಬಿಸುಲ್ನಲ್ಲಿ?"

ಪುಟ್ಟಮಲ್ಲಮ್ಮ ಕೂರಲಿಲ್ಲ. ಕೂತರೆ ಮಾತು ಒಳಗೇ ಉಳಿದುಬಿಡುತ್ತದೆ ಎಂದು ಹೆದರಿ ನಿಂತೇ ಹೇಳಿದಳು.

"ಮಾದಮ್ಮ, ಒಂದ್ ಮಾತ ಯೋಳಕ್ಕ ಬಂದಿವ್ನಿ. ಅವತ್ತು ನಂಜುಂಡ ನಿಲ್ತೀನಿ ಅಂದ. ಬ್ರೇಕು ಇಡೀತಾ ಇಲ್ಲ, ಒಸಿ ಒತ್ತು ಕೂರ್ತೀನಿ ಅಂತ ಕುಂತಿದ್ದ. ನಾನೇ ನೀರ ಉಯ್ದು, ಆರೋಯ್ತು ಓಗು ಓಗು ಅಂತ ಎಬ್ಬಿಸಿ ಕಳುಸ್ದೆ. ಅಂವ ನನ್ನ ಉಳ್ಸಕ್ಕ ತಾನೇ ತಲ ಕೊಟ್ಕಂಡು ಸುಮ್ಕವ್ನ. ಬೈಯಾದಾದ್ರ ನನ್ನ ಬೈಯಿ."

ಹಿಂದೆ ನಿಂತಿದ್ದ ಸೆಲ್ವಿಯ ತಲೆಯ ಮೇಲಿನ ಗಂಟು ಜಾರಿ ಕಂಕುಳಿಗೆ ಬಂತು. "ಅವ್ವಾ," ಎಂದಳು. ಅವಳ ನೋಟ ಮುಚ್ಚಿದ್ದ ತನ್ನ ಮನೆಯ ಬಾಗಿಲ ಕಡೆಗೆ ಹೋಯಿತು. ತಾಯಿಯ ಮುಖವನ್ನು ಒಮ್ಮೆ ನೋಡಿ, ಬೀದಿ ದಾಟಿ ಹೋಗಿ ಬಾಗಿಲು ತಟ್ಟಿದಳು. ನಂಜುಂಡ ತೆರೆದ. ಸೆಲ್ವಿ ಒಳಗೆ ಹೋದಳು, ಒಳಗಿನಿಂದ ಅವಳ ಅಳು ಕೇಳಿಸಿತು.

ದೊಡ್ಡಮಾದಮ್ಮನ ಕೈ ಮೊರದ ಮೇಲೆ ನಿಂತಿತ್ತು. ಅವಳು ಬೈಯಲಿಲ್ಲ. ಅಳಲೂ ಇಲ್ಲ. ತಲೆ ಎತ್ತದೆ ಕೇಳಿದಳು.

"ನಮ್ಮಂವ ನೀರ ಕುಡುದ್ನಾ ಅಕ್ಕ?"

ಪುಟ್ಟಮಲ್ಲಮ್ಮ ಮೊರದ ಕಾಳಿನ ಕಡೆಗೆ ಕಣ್ಣು ಇಳಿಸಿದಳು.

"ಅವತ್ತು ಬೆಳಗ್ಗ ಉಪ್ಪೆಸ್ರು ಕಾರ ಆಗೋಗಿತ್ತು," ಎಂದಳು ದೊಡ್ಡಮಾದಮ್ಮ. "ಮುದ್ದ ಉಂಡು ಕೈ ತೊಳೀತಿದ್ದಂಗೇ ಲಾರಿ ಬಂತು. ಅಂವ ಓಡೋದ. ನಾ ಚೊಂಬು ಇಡ್ಕಂಡು ಇದೇ ಬಾಗ್ಲಲ್ಲಿ ನಿಂತಿದ್ದೆ, ತಿರುಗಿ ನೋಡ್ನಿಲ್ಲ. ಕಾರ ಆಕಿ ನೀರ್ ಕೊಡ್ದೆ ಕಳುಸ್ಬುಟ್ನಲ್ಲ ಅಂತ ನಂಗ ಕಣ್ಣು ಮುಚ್ಚಕ್ಕಾಗ್ನಿಲ್ಲ ಕಣಕ್ಕ ಇಷ್ಟು ದಿವ್ಸ. ಆಮ್ಯಾಲ ನಾನೇ ಅನ್ಕತೀನಿ, ಅಕ್ಕನ ತಿರುವ್ನಲ್ಲಿ ಗಾಡಿ ನಿಲ್ತದಲ್ಲ, ಅಲ್ಲಿ ಕುಡುದಿರ್ತಾನ ಅಂತ. ಅಕ್ಕನ ಕೈಲಿ ನೀರ್ಗೇನು ಬರ ಅಂತ. ಕುಡುದ್ನಾ?"

ನಿಜ ಹೇಳಲೆಂದೇ ಅಷ್ಟು ದೂರದಿಂದ ಬಂದವಳು ಅವಳು. ಎದೆಯಲ್ಲಿದ್ದದ್ದನ್ನು ಇದೀಗ ತಾನೇ ಈ ಜಗುಲಿಯ ಮುಂದೆ ಸುರಿದಿದ್ದಳು. ಉಳಿದದ್ದು ಇದೊಂದೇ, ಬೊಮ್ಮ ಮೇಲಿಂದ ಬಗ್ಗಿ ಕೇಳಿದ್ದು, ತಾನು ಬಣ್ಣಾರಿಯಲ್ಲಿ ಕುಡಿ ಎಂದದ್ದು. ದೊಡ್ಡಮಾದಮ್ಮ ಈಗ ತಲೆ ಎತ್ತಿ ಅವಳ ಬಾಯಿಯನ್ನೇ ನೋಡುತ್ತಿದ್ದಳು.

"ಕುಡುದ ಕಣವ್ವ," ಎಂದಳು ಪುಟ್ಟಮಲ್ಲಮ್ಮ. "ಚೊಂಬು ಎತ್ತಿ ಉಯ್ದೆ, ಒಟ್ಟ ತುಂಬ ಕುಡುದ. ಕುಡುದು ನಗ್ತಾ ಓದ."

ದೊಡ್ಡಮಾದಮ್ಮನ ಮುಖದಲ್ಲಿ ಏನೋ ಸಡಿಲವಾಯಿತು. ಆಗ ಅವಳು ಅತ್ತಳು, ಬಹಳ ಹೊತ್ತು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೀ ಮಾಡುದ್ದ ನಾ ಮರೀತೀನಿ ಅನ್ನದಿಲ್ಲ," ಎಂದಳು. "ಮರ್ಯಕ್ಕ ಆಗದಿಲ್ಲ. ಆದ್ರ ಕೊನೆ ನೀರ ನಿನ್ ಕೈಲಿ ಕುಡುದ್ನಲ್ಲ, ಅಷ್ಟು ಸಾಕು ನಂಗ."

ಎದ್ದು ಒಳಗೆ ಹೋದಳು. ಒಂದು ಚೊಂಬು ತುಂಬ ನೀರು ತಂದು ಎರಡೂ ಕೈಯಲ್ಲಿ ಚಾಚಿದಳು.

"ಕುಡಿ ಅಕ್ಕ. ಬಿಸುಲ್ನಲ್ಲಿ ನಡ್ಕಂಡು ಬಂದಿದ್ದೀಯೆ."

ಪುಟ್ಟಮಲ್ಲಮ್ಮ ಚೊಂಬು ಇಸಕೊಂಡಳು. ಮಡಕೆಯ ತಣ್ಣನೆಯ ನೀರು. ಒಂದು ಗುಟುಕು ಗಂಟಲಲ್ಲಿ ನಿಂತುಬಿಟ್ಟಿತು, ಇಳಿಯಲೊಲ್ಲದು. ದೊಡ್ಡಮಾದಮ್ಮ ಎದುರಿಗೇ ನಿಂತು ನೋಡುತ್ತಿದ್ದಳು. ಆದ್ದರಿಂದ ಪುಟ್ಟಮಲ್ಲಮ್ಮ ಚೊಂಬನ್ನು ಕೆಳಗಿಡದೆ ತಳ ಕಾಣುವವರೆಗೂ ಕುಡಿದಳು.